ಕೊಂಕಣ ಸುತ್ತಿ ಮೈಲಾರಕ್ಕೆ ಬರುವ ಯಂತ್ರಗಳು: ನೋಡೋಕೆ ಕೂತರೆ ಏಳೋಕೆ ಯಾಕೆ ಆಗಲ್ಲ?

ಗಾಲಿಮರಿ:

ಒಂದು ಗೋಲಿ ಉರುಳಿ ಸಾಲಾಗಿ ನಿಲ್ಲಿಸಿದ ಡೊಮಿನೋ ಬಿಲ್ಲೆಗಳನ್ನು ಬೀಳಿಸುತ್ತದೆ, ಕೊನೆಯ ಡೊಮಿನೋ ಆಟದ ಕಾರನ್ನು ತಳ್ಳುತ್ತದೆ, ಕಾರು ಒಂದು ದಾರ ಎಳೆಯುತ್ತದೆ, ದಾರದ ತುದಿಗಿದ್ದ ಪುಸ್ತಕ ಧೊಪ್ಪನೆ ಬಿದ್ದು ಹಲಗೆಯ ಇನ್ನೊಂದು ತುದಿ ಮೇಲೇಳುತ್ತದೆ, ಹೀಗೆ ಎರಡು ಮೂರು ನಿಮಿಷ ಕೋಣೆಯೆಲ್ಲ ಸುತ್ತಿ ಕೊನೆಗೆ ಆಗುವುದೇನು? ಒಂದು ಸ್ವಿಚ್ ಒತ್ತುತ್ತದೆ. ಬಲ್ಬ್ ಹತ್ತುತ್ತದೆ. ಅಷ್ಟೇ. ಎದ್ದು ಹೋಗಿ ಒತ್ತಿದ್ದರೆ ಎರಡು ಸೆಕೆಂಡಿನ ಕೆಲಸ.

ಇಂಥ ವಿಡಿಯೋ ಕಣ್ಣಿಗೆ ಬಿದ್ದರೆ ನಾನು ಅಲ್ಲಿಂದ ಅಲುಗುವುದಿಲ್ಲ. ಕೊನೆಗೆ ಏನಾಗುತ್ತದೆ ಎಂದು ಶೀರ್ಷಿಕೆಯಲ್ಲೇ ಬರೆದಿರುತ್ತಾರೆ. ಆದರೂ ಪೂರ್ತಿ ನೋಡುತ್ತೇನೆ. ಅದೇ ಕಾರ್ಖಾನೆಯಲ್ಲಿ ಬಾಟಲಿಗಳಿಗೆ ಸರಸರ ಮುಚ್ಚಳ ಹಾಕುವ ಯಂತ್ರದ ವಿಡಿಯೋ ಬಂದರೆ "ಪರವಾಗಿಲ್ವೇ" ಅಂದುಕೊಂಡು ಅರ್ಧಕ್ಕೇ ಬಿಟ್ಟು ಹೋಗುತ್ತೇನೆ. ಕೆಲಸಕ್ಕೆ ಬರುವ ಯಂತ್ರ ಬೇಜಾರು, ಕೆಲಸಕ್ಕೆ ಬಾರದ್ದು ಖುಷಿ. ಇದು ನನಗೊಬ್ಬನಿಗೇನಾ ಅಥವಾ ಎಲ್ಲರಿಗೂ ಹೀಗೇನಾ?

ಇನ್ನೊಂದು ವಿಷಯ. ಇದೇ ಥರದ ಯಂತ್ರಗಳನ್ನು ಕಂಪ್ಯೂಟರ್ ಅನಿಮೇಷನ್‌ನಲ್ಲೂ ಮಾಡುತ್ತಾರೆ. ಗೋಲಿ ಇನ್ನೂ ದೂರ ಹೋಗುತ್ತದೆ, ಬಣ್ಣ ಇನ್ನೂ ಚೆನ್ನಾಗಿರುತ್ತದೆ. ಆದರೆ ಸ್ವಲ್ಪ ಹೊತ್ತಿಗೇ ಸಾಕಾಗುತ್ತದೆ. ಯಾಕೆ ಅಂತ ನನಗೆ ಬಗೆಹರಿದಿಲ್ಲ. ಗೊತ್ತಿದ್ದವರು ಹೇಳಿ.

ನಟ್ಟುಬೋಲ್ಟು:

ನಿಮಗೊಬ್ಬರಿಗೇ ಅಲ್ಲ, ಚಿಂತೆ ಬೇಡ.

ನನ್ನ ಲೆಕ್ಕದಲ್ಲಿ ಮುಖ್ಯ ಕಾರಣ ಇಷ್ಟು: ಇದರಲ್ಲಿ ಏನೂ ಮುಚ್ಚಿಟ್ಟಿಲ್ಲ. ಈಗಿನ ಯಂತ್ರಗಳಲ್ಲಿ ಕೆಲಸವೆಲ್ಲ ಡಬ್ಬಿಯೊಳಗೆ ನಡೆಯುತ್ತದೆ. ಫೋನಿನ ಮೇಲೆ ಬೆರಳಿಟ್ಟರೆ ಯಾರಿಗೋ ಸಂದೇಶ ಹೋಗುತ್ತದೆ. ನಡುವೆ ಏನಾಯಿತು ಎಂದು ಕಣ್ಣಿಗೆ ಕಾಣುವ ಮಾತೇ ಇಲ್ಲ. ಈ ಯಂತ್ರದಲ್ಲಿ ಯಾವುದರಿಂದ ಏನಾಯಿತು ಎಂಬುದು ಪ್ರತಿ ಹೆಜ್ಜೆಗೂ ಎದುರಿಗೇ ಇರುತ್ತದೆ. ಮೂರು ವರ್ಷದ ಮಗುವಿಗೂ ಅರ್ಥ ಆಗುತ್ತದೆ. ನೀವು ಹೇಳಿದ ಮುಚ್ಚಳ ಹಾಕುವ ಯಂತ್ರ ಬೇಜಾರಾಗುವುದೂ ಅದಕ್ಕೇ. ಅದು ಒಂದೇ ಕೆಲಸವನ್ನು ಕಣ್ಣಿಗೆ ನಿಲುಕದಷ್ಟು ಬೇಗ ಮತ್ತೆ ಮತ್ತೆ ಮಾಡುತ್ತದೆ. ಒಂದು ಬಾಟಲಿ ನೋಡಿದರೆ ಎಲ್ಲ ಬಾಟಲಿ ನೋಡಿದ ಹಾಗೆ.

ಇಂಥವನ್ನು ಇಂಗ್ಲಿಷಿನಲ್ಲಿ ರೂಬ್ ಗೋಲ್ಡ್‌ಬರ್ಗ್ ಯಂತ್ರ ಅನ್ನುತ್ತಾರೆ. ಆ ಹೆಸರಿನವನ ಕಥೆಯೂ ಮಜಾ ಇದೆ. ರೂಬ್ ಗೋಲ್ಡ್‌ಬರ್ಗ್, 1883ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವನು. ಆಸಾಮಿ ಓದಿದ್ದು ಎಂಜಿನಿಯರಿಂಗ್. 1904ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಮುಗಿಸಿ ಊರಿನ ನೀರು ಮತ್ತು ಒಳಚರಂಡಿ ಇಲಾಖೆಗೆ ಸೇರಿದ. ಕೆಲವೇ ತಿಂಗಳಲ್ಲಿ ಅದನ್ನು ಬಿಟ್ಟು ಪತ್ರಿಕೆಯಲ್ಲಿ ಕಾರ್ಟೂನ್ ಬರೆಯಲು ಹೋದ. ಎಂಜಿನಿಯರಿಂಗ್ ಗೊತ್ತಿದ್ದವನೇ ಅದನ್ನು ಗೇಲಿ ಮಾಡಿದ್ದರಿಂದ ಅವನ ಚಿತ್ರಗಳಿಗೆ ಆ ಖದರು ಬಂತು ಅನ್ನಿಸುತ್ತದೆ.

1931ರ ಅವನ ಒಂದು ಚಿತ್ರ ಬಹಳ ಪ್ರಸಿದ್ಧ. ಊಟಕ್ಕೆ ಕೂತವನ ಬಾಯಿ ತಾನಾಗಿ ಒರೆಸುವ ಯಂತ್ರ. ಸೂಪಿನ ಚಮಚ ಬಾಯಿಗೆತ್ತಿದಾಗ ಒಂದು ದಾರ ಎಳೆಯುತ್ತದೆ, ದಾರ ಸೌಟನ್ನು ಎಗರಿಸುತ್ತದೆ, ಸೌಟಿನಲ್ಲಿದ್ದ ಬಿಸ್ಕತ್ತು ಹಕ್ಕಿಯ ಮುಂದೆ ಹಾರುತ್ತದೆ, ಹಕ್ಕಿ ಅದರ ಹಿಂದೆ ಜಿಗಿದಾಗ ಕೂತಿದ್ದ ಕಂಬಿ ವಾಲಿ ಕಾಳು ಬಕೆಟ್ಟಿಗೆ ಸುರಿಯುತ್ತದೆ, ಆ ಭಾರಕ್ಕೆ ಲೈಟರ್ ಹೊತ್ತಿಕೊಂಡು ರಾಕೆಟ್ ಹಾರುತ್ತದೆ, ರಾಕೆಟ್ಟಿಗೆ ಕಟ್ಟಿದ ಕುಡುಗೋಲು ಇನ್ನೊಂದು ದಾರ ಕತ್ತರಿಸುತ್ತದೆ, ಆಗ ಲೋಲಕಕ್ಕೆ ಸಿಕ್ಕಿಸಿದ ಕರವಸ್ತ್ರ ಆಕಡೆ ಈಕಡೆ ತೂಗಾಡಿ ಗಲ್ಲ ಒರೆಸುತ್ತದೆ. ಪೂರ್ತಿ ಗಾಂಭೀರ್ಯದಿಂದ ಎ, ಬಿ, ಸಿ ಅಂತ ಗುರುತು ಹಾಕಿ ವಿವರಿಸಿದ್ದಾನೆ. ನಗು ಬರುವುದು ಆ ಗಾಂಭೀರ್ಯಕ್ಕೆ.

ಇಂಗ್ಲೆಂಡಿನಲ್ಲಿ ಅದೇ ಕಾಲದ ಹೀತ್ ರಾಬಿನ್ಸನ್ ಎಂಬ ಚಿತ್ರಕಾರ ಇಂಥದ್ದಕ್ಕೇ ಹೆಸರಾಗಿದ್ದ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಗುಪ್ತ ಕೇಂದ್ರ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನ್ ಸಂಕೇತ ಒಡೆಯಲು 1943ರಲ್ಲಿ ಒಂದು ಯಂತ್ರ ಕಟ್ಟಿದರು. ಎರಡು ಕಾಗದದ ಟೇಪುಗಳು ರಾಟೆಗಳ ಮೇಲೆ ಭರ್ರನೆ ಓಡಬೇಕು, ಒಂದಕ್ಕೊಂದು ತಾಳ ತಪ್ಪಬಾರದು, ಟೇಪು ಹರಿದುಹೋಗುವ ಕಾಟ ಬೇರೆ. ಅಲ್ಲಿನವರು ಅದಕ್ಕಿಟ್ಟ ಹೆಸರು ಹೀತ್ ರಾಬಿನ್ಸನ್. ಅದೇ ಕೆಲಸಕ್ಕೆ ಕೊಲೋಸಸ್ ಎಂಬ ಕಂಪ್ಯೂಟರ್ ಬಂದಿದ್ದು ಅದರ ಆಮೇಲೆ.

ಸುಮ್ನೆಹೇಳ್ದೆ:

ಗುಡ್ಡ ಅಗೆದು ಇಲಿ ಹಿಡಿಯೋದು ಅಂದರೆ ಇದೇ. ಬೇಜಾರು ಮಾಡ್ಕೋಬೇಡಿ, ನನಗೆ ಇದು ಟೈಮ್ ವೇಸ್ಟ್ ಅನ್ನಿಸುತ್ತದೆ. ಅದೂ ಅಲ್ಲದೆ ಅರ್ಧ ವಿಡಿಯೋಗಳು ಎಡಿಟಿಂಗ್. ಕ್ಯಾಮೆರಾ ಯಾವುದಾದರೂ ಕಪ್ಪು ವಸ್ತುವಿನ ಹತ್ತಿರ ಹೋಯಿತು ಅಂದರೆ ಅಲ್ಲಿ ಕತ್ತರಿ ಬಿತ್ತು ಅಂತಲೇ ಲೆಕ್ಕ.

ರಾಟೆದಾರ:

ನಾನು ಇವನ್ನು ನೋಡುವವನಲ್ಲ, ಕಟ್ಟುವವನು. ಹವ್ಯಾಸಕ್ಕೆ. ಹಾಗಾಗಿ ಸ್ವಲ್ಪ ಬೇರೆ ಕಡೆಯಿಂದ ಹೇಳುತ್ತೇನೆ.

ಮೊದಲು ಒಂದು ಲೆಕ್ಕ ನೋಡಿ. ಯಂತ್ರದ ಪ್ರತಿ ಹೆಜ್ಜೆ ನೂರಕ್ಕೆ 95 ಸಲ ಸರಿಯಾಗಿ ಆಗುತ್ತದೆ ಅಂದುಕೊಳ್ಳಿ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಅಂಥ 20 ಹೆಜ್ಜೆ ಜೋಡಿಸಿದರೆ ಇಡೀ ಯಂತ್ರ ಕೊನೆ ಮುಟ್ಟುವ ಸಾಧ್ಯತೆ ನೂರಕ್ಕೆ 36. ಐವತ್ತು ಹೆಜ್ಜೆಯಾದರೆ 8ಕ್ಕಿಂತ ಕಡಿಮೆ. ಪ್ರತಿ ಹೆಜ್ಜೆಯನ್ನೂ 99ಕ್ಕೆ ಏರಿಸಿದರೂ ಐವತ್ತು ಹೆಜ್ಜೆಗೆ ಸಿಗುವುದು ಸುಮಾರು 60. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಹುಡುಗರು 2012ರಲ್ಲಿ ಒಂದು ಬಲೂನು ಊದಿ ಒಡೆಯೋಕೆ 300 ಹೆಜ್ಜೆಯ ಯಂತ್ರ ಮಾಡಿ ದಾಖಲೆ ಬರೆದರು. ಮುನ್ನೂರು ಹೆಜ್ಜೆಗೆ 99 ಇಟ್ಟು ಗುಣಿಸಿ ನೋಡಿ, ನೂರಕ್ಕೆ ಐದು ಸಲ ಮಾತ್ರ ಕೊನೆ ಮುಟ್ಟುತ್ತದೆ. ಸಾವಿರಕ್ಕೆ 999 ಸಲ ಸರಿಯಾಗಿ ಆಗುವಂಥ ಹೆಜ್ಜೆಗಳಿದ್ದರೂ 74.

ಈ ಲೆಕ್ಕ ಯಾರೂ ಕೂತು ಮಾಡುವುದಿಲ್ಲ ನಿಜ. ಆದರೆ ನೋಡುವವರ ಹೊಟ್ಟೆಗೆ ಇದು ಗೊತ್ತಿರುತ್ತದೆ. ಪ್ರತಿ ಹೆಜ್ಜೆಯಲ್ಲೂ "ಇಲ್ಲೇ ನಿಂತುಬಿಡುತ್ತೇನೋ" ಅನ್ನಿಸುತ್ತದೆ. ಗಾಲಿಮರಿ ಅವರೇ, ನಿಮ್ಮ ಅನಿಮೇಷನ್ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಅನಿಮೇಷನ್ನಿನ ಗೋಲಿಗೆ ದಾರಿ ತಪ್ಪುವ ಸ್ವಾತಂತ್ರ್ಯವೇ ಇಲ್ಲ. ಬರೆದವನು ಹೇಳಿದ ಕಡೆ ಅದು ಹೋಗಲೇಬೇಕು. ಹಾಗಿದ್ದಾಗ ಅದು ತಲುಪಿತು ಅಂತ ನಾವ್ಯಾಕೆ ಖುಷಿಪಡಬೇಕು?

ಸುಮ್ನೆಹೇಳ್ದೆ ಅವರಿಗೂ ಒಂದು ಮಾತು. ಕತ್ತರಿ ಹಾಕುತ್ತಾರೆ, ಒಪ್ಪಿದೆ. ಹೋಂಡಾದವರ 2003ರ ಎರಡು ನಿಮಿಷದ ಜಾಹೀರಾತು ಗೊತ್ತಲ್ಲ, ಬರೀ ಕಾರಿನ ಬಿಡಿಭಾಗಗಳ ಸರಪಳಿ. ಅದು ಒಂದೇ ಶಾಟ್ ಅಲ್ಲ. ಎರಡು ಶಾಟ್‌ಗಳನ್ನು ನಡುವೆ ಹೊಲಿದಿದ್ದಾರೆ. ಆದರೆ ಜನ ಯಾವುದನ್ನು ಮೋಸ ಅಂದರು ಗೊತ್ತಾ? ಅದರಲ್ಲಿ ಟೈರುಗಳು ಇಳಿಜಾರಿನ ಮೇಲೆ ತಾವಾಗಿಯೇ ಹತ್ತುತ್ತವೆ. ಅದು ಅಪ್ಪಟ ನಿಜ. ಟೈರಿನ ಒಳಗೆ ಒಂದು ಕಡೆ ಭಾರ ಇಟ್ಟು, ಆ ಭಾರ ಮೇಲೆ ಬರುವ ಹಾಗೆ ನಿಲ್ಲಿಸಿದ್ದರು. ಸ್ವಲ್ಪ ತಾಗಿದರೆ ಸಾಕು, ಭಾರ ಕೆಳಗೆ ಬೀಳೋಕೆ ಹೋಗುತ್ತದೆ, ಆ ಭರಕ್ಕೆ ಟೈರು ಮೇಲಕ್ಕೆ ಉರುಳುತ್ತದೆ. ನೂರಾರು ಟೇಕ್ ಆದ ಮೇಲೆ ಸಿಕ್ಕಿದ್ದು ಅದು.

ಸುಮ್ನೆಹೇಳ್ದೆ:

ಟೈರಿನ ವಿಷಯ ಗೊತ್ತಿರಲಿಲ್ಲ. ಅದು ಚೆನ್ನಾಗಿದೆ.

ಆದರೂ ಒಂದು ಅನುಮಾನ. ಚಿಕ್ಕ ಗೋಲಿಯಿಂದ ಶುರುವಾಗಿ ಕೊನೆಗೆ ದೊಡ್ಡ ಡ್ರಮ್ಮೋ ಪಿಯಾನೋನೋ ಬೀಳುತ್ತದಲ್ಲ, ಅಷ್ಟು ಶಕ್ತಿ ಎಲ್ಲಿಂದ ಬರುತ್ತದೆ? ಶಕ್ತಿ ಹುಟ್ಟುವುದೂ ಇಲ್ಲ ಸಾಯುವುದೂ ಇಲ್ಲ ಅಂತ ಸ್ಕೂಲಲ್ಲಿ ಹೇಳಿಕೊಟ್ಟಿದ್ದರು.

ರಾಟೆದಾರ:

ಒಳ್ಳೆ ಪ್ರಶ್ನೆ. ಗೋಲಿ ತನ್ನ ಶಕ್ತಿಯನ್ನು ಪಿಯಾನೋಗೆ ಕೊಡುವುದಿಲ್ಲ. ಪಿಯಾನೋ ಬೀಳೋಕೆ ಬೇಕಾದ ಶಕ್ತಿಯನ್ನು ಅದನ್ನು ಮೇಲಕ್ಕೆ ಎತ್ತಿಟ್ಟ ಮನುಷ್ಯರು ಮೊದಲೇ ಕೊಟ್ಟಿರುತ್ತಾರೆ. ಬೆನ್ನು ನೋಯಿಸಿಕೊಂಡು. ಗೋಲಿ ಮಾಡುವುದು ಅದಕ್ಕೆ ಅಡ್ಡ ಇಟ್ಟ ಕಡ್ಡಿಯನ್ನು ತಪ್ಪಿಸುವ ಕೆಲಸ ಅಷ್ಟೇ. ಪ್ರತಿ ಹೆಜ್ಜೆಯಲ್ಲೂ ಶಕ್ತಿ ಮೊದಲೇ ಕೂಡಿಟ್ಟಿರುತ್ತದೆ. ಎತ್ತರದಲ್ಲಿಟ್ಟ ಭಾರ, ಹಿಗ್ಗಿಸಿದ ರಬ್ಬರ್ ಬ್ಯಾಂಡ್, ಒತ್ತಿಹಿಡಿದ ಸ್ಪ್ರಿಂಗ್, ಉರಿಯೋಕೆ ಕಾದಿರುವ ಮೇಣದಬತ್ತಿ. ಹಿಂದಿನ ಹೆಜ್ಜೆ ಬಂದು ಬೀಗ ತೆಗೆಯುತ್ತದೆ.

ಡೊಮಿನೋದಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1983ರಲ್ಲಿ ಲೋರ್ನ್ ವೈಟ್‌ಹೆಡ್ ಎಂಬ ಭೌತವಿಜ್ಞಾನಿ ಒಂದು ಸಣ್ಣ ಲೇಖನ ಬರೆದ. ಒಂದು ಡೊಮಿನೋ ತನಗಿಂತ ಉದ್ದ, ಅಗಲ, ದಪ್ಪ ಮೂರರಲ್ಲೂ ಒಂದೂವರೆ ಪಟ್ಟು ದೊಡ್ಡದಾದ ಡೊಮಿನೋವನ್ನು ಬೀಳಿಸಬಲ್ಲದು ಅಂತ. ಅವನು ಹಾಗೆ 13 ಡೊಮಿನೋ ಮಾಡಿದ. ಮೊದಲನೆಯದು ಉಗುರಿನಷ್ಟು. ಹದಿಮೂರನೆಯದು ಬೀಳುವಾಗ ಹೊರಬರುವ ಶಕ್ತಿ, ಮೊದಲನೆಯದನ್ನು ತಳ್ಳಲು ಬೇಕಾದ ಶಕ್ತಿಯ ಸುಮಾರು 200 ಕೋಟಿ ಪಟ್ಟು. ಎಲ್ಲ ಡೊಮಿನೋಗಳನ್ನು ಎತ್ತಿ ನಿಲ್ಲಿಸಿದಾಗಲೇ ಆ ಶಕ್ತಿ ಅಲ್ಲಿತ್ತು. ತಳ್ಳಿದ ಬೆರಳಿನದ್ದಲ್ಲ.

ಕಟ್ಟುವವರು ಇಲಿಬೋನನ್ನು ಅಷ್ಟೊಂದು ಬಳಸುವುದೂ ಇದಕ್ಕೇ. ಗರಿ ತಾಗಿದರೂ ಸಿಡಿಯುತ್ತದೆ, ಸಿಡಿದರೆ ದಪ್ಪ ದಾರವನ್ನೂ ಎಳೆಯುತ್ತದೆ. ಸೊರಗಿಹೋದ ಗೋಲಿಯಿಂದ ಗಟ್ಟಿ ಏಟು ಬೇಕಾದಾಗ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಬೆರಳು ಜೋಪಾನ.

ಚುಕ್ಕಿಗೆರೆ:

ನಾನು ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಇದನ್ನು ಓದಿ ಒಂದು ದೂರು ಹೇಳಬೇಕು ಅನ್ನಿಸಿತು.

ಈಗ ಎಲ್ಲ ಕಡೆ ಇದನ್ನು ಪಾಠ ಮಾಡಿಬಿಟ್ಟಿದ್ದಾರೆ. "ಯಂತ್ರದಲ್ಲಿ ರಾಟೆ ಇರಬೇಕು, ಇಳಿಜಾರು ಇರಬೇಕು, ಬೆಣೆ ಇರಬೇಕು, ತಿರುಪು ಇರಬೇಕು, ಪ್ರತಿಯೊಂದಕ್ಕೂ ಇಷ್ಟಿಷ್ಟು ಅಂಕ." ಮಕ್ಕಳು ಪಟ್ಟಿ ಹಿಡಿದು ಟಿಕ್ ಹಾಕುತ್ತಾರೆ. ತಿರುಪು ಎಲ್ಲೂ ಕೂರದಿದ್ದರೆ ಸುಮ್ನೆ ಒಂದು ಕಡೆ ಅಂಟಿಸುತ್ತಾರೆ. ಹೀಗೆ ಮಾಡಿದ ಯಂತ್ರಕ್ಕೂ ಮಕ್ಕಳು ತಾವಾಗಿ ಕಟ್ಟಿದ್ದಕ್ಕೂ ಅಜಗಜಾಂತರ. ಇದರ ಮಜಾ ಇರುವುದೇ ಯಾರಿಗೂ ಬೇಡದ ಕೆಲಸ ಮಾಡುವುದರಲ್ಲಿ. ಅಂಕ ಕೊಟ್ಟ ಕೂಡಲೇ ಅದು ಬೇಕಾದ ಕೆಲಸ ಆಗಿಹೋಗುತ್ತದೆ.

ಆದರೆ ಬಿಟ್ಟುಬಿಟ್ಟರೆ ಮಕ್ಕಳು ಏನು ಮಾಡುತ್ತಾರೆ ನೋಡಬೇಕು. ಒಬ್ಬ ಹುಡುಗನ ಡೊಮಿನೋ ಸಾಲಿನ ಕೊನೆಯದು ಬಾಯಿ ಕೆಳಗಾಗಿ ವಾಲಿಸಿಟ್ಟ ಒಂದು ಮರಳಿನ ಬಾಟಲಿಯ ಬಿರಡೆ ಕೀಳಬೇಕಿತ್ತು. ಡೊಮಿನೋ ಹಗುರ, ಬಿರಡೆ ಬಿಗಿ. ತಳ್ಳಿ ತಳ್ಳಿ ಸಾಕಾಯಿತು. ಆಮೇಲೆ ಬಿರಡೆ ತೆಗೆದುಹಾಕಿ ಬಾಟಲಿ ಬಾಯಿಗೆ ಒಂದು ಇಸ್ಪೀಟ್ ಎಲೆಯನ್ನು ಒರಗಿಸಿದ. ಡೊಮಿನೋ ಎಲೆಗೆ ತಾಗಿತು, ಎಲೆ ಜಾರಿತು, ಮರಳು ಸುರಿಯತೊಡಗಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಮೇಲೆ ನೀವು ಹೇಳಿದ "ಬೀಗ ತೆಗೆಯುವುದು" ಅನ್ನೋದನ್ನ ಅವನು ಕೈಯಿಂದಲೇ ಕಲಿತ. ನನ್ನ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ನಟ್ಟುಬೋಲ್ಟು:

ಚುಕ್ಕಿಗೆರೆ ಮೇಡಂ, ಮರಳು ಅಂದಿರಲ್ಲ, ಅದರ ಬಗ್ಗೆ ಒಂದು ಮಾತು. ಈ ಯಂತ್ರಗಳಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ವೇಗದ ಭಾಗ ಅಲ್ಲ, ನಿಧಾನದ್ದು. ಮರಳು ಸೋರಿ ಸೋರಿ ತಕ್ಕಡಿ ವಾಲೋಕೆ ಕಾಯುವುದು. ಮೇಣದಬತ್ತಿ ದಾರ ಸುಡೋಕೆ ಕಾಯುವುದು. ಇಬ್ಬರು ಸ್ವಿಸ್ ಕಲಾವಿದರು 1987ರಲ್ಲಿ ಅರ್ಧ ಗಂಟೆಯ ಒಂದು ಚಿತ್ರ ಮಾಡಿದರು. ಪೂರ್ತಿ ಇದೇ. ಟೈರು, ಏಣಿ, ನೊರೆ, ಬೆಂಕಿ. ಅದು ಶುರುವಾಗುವುದು ತಿರುಚಿ ನೇತುಹಾಕಿದ ಕಸದ ಚೀಲದಿಂದ. ಚೀಲ ತಿರುಗುತ್ತಾ ತಿರುಗುತ್ತಾ ಹುರಿ ಬಿಚ್ಚಿಕೊಂಡು ಕೂದಲೆಳೆಯಷ್ಟೇ ಕೆಳಗಿಳಿಯುತ್ತದೆ. ಕೆಳಗೆ ಒಂದು ಟೈರು ಕಾಯುತ್ತಿರುತ್ತದೆ. ತಾಗಿತು, ಇಲ್ಲ ತಾಗಲಿಲ್ಲ, ಈಗ ತಾಗಿತು. ಇಷ್ಟು ಹೊತ್ತು ಕಸದ ಚೀಲವನ್ನೇ ನೋಡುತ್ತಾ ಕೂರಿಸುತ್ತದೆ ಅದು ನಮ್ಮನ್ನ.

(ಅದರಲ್ಲೂ ಕತ್ತರಿ ಇದೆ, ಸುಮ್ನೆಹೇಳ್ದೆ ಅವರು ಹೇಳೋ ಮೊದಲು ನಾನೇ ಹೇಳಿಬಿಡುತ್ತೇನೆ.)

ಸುಮ್ನೆಹೇಳ್ದೆ:

😄 ಹೇಳೋದ್ರಲ್ಲಿದ್ದೆ.

ಗಾಲಿಮರಿ:

ಎಲ್ಲರಿಗೂ ಥ್ಯಾಂಕ್ಸ್. "ದಾರಿ ತಪ್ಪುವ ಸ್ವಾತಂತ್ರ್ಯ" ಅನ್ನೋದು ಪಕ್ಕಾ ಅನ್ನಿಸಿತು. ಆದರೆ ಒಂದು ತಕರಾರು. ಬರೀ ಕೆಡಬಹುದು ಅನ್ನೋದೇ ಕಾರಣವಾಗಿದ್ದರೆ, ಕೆಟ್ಟುಹೋಗುವ ವಿಡಿಯೋಗಳು ಇನ್ನೂ ಚೆನ್ನಾಗಿರಬೇಕಿತ್ತು. ಅವು ಒಂದೆರಡು ನೋಡೋಕೆ ಸರಿ. ಆಮೇಲೆ ನೋಡೋಕೆ ಆಗಲ್ಲ, ಒಂಥರಾ ಸಂಕಟ ಆಗುತ್ತದೆ. ಹಾಗಾದರೆ ನಮಗೆ ಬೇಕಿರೋದು ಕೆಡೋದಲ್ಲ, ಕೆಡಬಹುದಾಗಿದ್ದು ಕೆಡದೇ ಇರೋದು. ಸರಿನಾ?

ಮತ್ತೆ ಇನ್ನೊಂದು. ಯಾರೋ ಗಂಟೆಗಟ್ಟಲೆ ಮಂಡಿಯೂರಿ ಕೂತು ಇದನ್ನು ಜೋಡಿಸಿದ್ದಾರೆ ಅನ್ನೋದು ನೋಡುವಾಗ ತಲೆಯಲ್ಲಿರುತ್ತದೆ. ಅನಿಮೇಷನ್‌ಗೂ ಗಂಟೆಗಟ್ಟಲೆ ಕೂತಿರುತ್ತಾರೆ, ಅದು ನಿಜ, ಆದರೆ ಅವರಿಗೆ ಅನ್‌ಡೂ ಇದೆ.

ರಾಟೆದಾರ:

ಸರಿ. ಸಂಕಟದ ಬಗ್ಗೆ ಹೇಳಿದಿರಲ್ಲ, ಅದಕ್ಕೊಂದು ನಿಜವಾದ ಕಥೆ ಇದೆ. 2005ರ ನವೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಲೀವಾರ್ಡನ್ ಎಂಬ ಊರಲ್ಲಿ ಟಿವಿಗಾಗಿ ದೊಡ್ಡ ಡೊಮಿನೋ ದಾಖಲೆಗೆ ತಯಾರಿ ನಡೆದಿತ್ತು. ನಲವತ್ತು ಲಕ್ಷಕ್ಕೂ ಜಾಸ್ತಿ ಡೊಮಿನೋ. ಜೋಡಿಸುವಾಗಲೇ ಒಂದು ಗುಬ್ಬಚ್ಚಿ ಸಭಾಂಗಣದ ಒಳಗೆ ನುಗ್ಗಿತು. ಹಾರಿ ಕೂತು 23,000 ಡೊಮಿನೋ ಬೀಳಿಸಿತು. ಇಡೀ ಸಾಲು ಹೋಗಲಿಲ್ಲ, ಯಾಕೆಂದರೆ ಅನುಭವಸ್ಥರು ನಡುನಡುವೆ ನೂರಾರು ಕಡೆ ಜಾಗ ಖಾಲಿ ಬಿಟ್ಟಿರುತ್ತಾರೆ. ಕೊನೆ ಗಳಿಗೆಯಲ್ಲಿ ಮಾತ್ರ ಆ ಜಾಗ ತುಂಬುವುದು. ಆದರೆ ಗುಬ್ಬಚ್ಚಿಯನ್ನು ಏರ್‌ಗನ್ನಿನಿಂದ ಹೊಡೆದು ಕೊಂದರು. ದೇಶವೇ ಗದ್ದಲ ಎಬ್ಬಿಸಿತು. ಕೆಡದ ಹಾಗೆ ಕಾಪಿಟ್ಟ ಆ ಗುಬ್ಬಚ್ಚಿಯ ದೇಹ ಈಗ ರಾಟರ್‌ಡ್ಯಾಮ್‌ನ ಪ್ರಕೃತಿ ಸಂಗ್ರಹಾಲಯದಲ್ಲಿದೆ. ನನಗಂತೂ ಅದು ಅತಿ ಅನ್ನಿಸಿತು. ಡೊಮಿನೋ ಮತ್ತೆ ನಿಲ್ಲಿಸಬಹುದಿತ್ತು.

ಚುಕ್ಕಿಗೆರೆ:

ಛೇ. ಪಾಪ.

ರಾಟೆದಾರ ಅವರೇ, ಒಂದು ಕೆಲಸದ ಪ್ರಶ್ನೆ. ನಮ್ಮ ಮಕ್ಕಳ ಯಂತ್ರ ಬಿಡಿಬಿಡಿಯಾಗಿ ಚೆನ್ನಾಗಿ ನಡೆಯುತ್ತದೆ. ಒಟ್ಟಿಗೆ ಜೋಡಿಸಿದರೆ ಪ್ರತಿ ಸಲ ಬೇರೆ ಬೇರೆ ಕಡೆ ನಿಲ್ಲುತ್ತದೆ. ಏನು ಮಾಡಬೇಕು?

ರಾಟೆದಾರ:

ಎಲ್ಲರಿಗೂ ಆಗುವ ಕಾಟ ಇದು. ಬಿಡಿಭಾಗ ಕೆಡುವುದು ಕಡಿಮೆ, ಒಂದರಿಂದ ಇನ್ನೊಂದಕ್ಕೆ ಕೈ ಬದಲಾಗುವ ಜಾಗ ಕೆಡುವುದು ಜಾಸ್ತಿ. ಬಿಡಿಯಾಗಿ ಪರೀಕ್ಷೆ ಮಾಡುವಾಗ ಮಕ್ಕಳು ಬೆರಳಿಂದ ತಳ್ಳಿರುತ್ತಾರೆ. ಬೆರಳಿನಷ್ಟು ಜೋರು ಗೋಲಿಗಿಲ್ಲ. ಆದ್ದರಿಂದ ಯಾವಾಗಲೂ ಎರಡೆರಡು ಭಾಗ ಜೊತೆಯಾಗಿ ಪರೀಕ್ಷೆ ಮಾಡಿಸಿ. ಬೆರಳು ಮೊದಲನೆಯದಕ್ಕೆ ಮಾತ್ರ.

ಆಮೇಲೆ, ಸತಾಯಿಸುವ ಹೆಜ್ಜೆಗಳನ್ನು ಯಂತ್ರದ ಶುರುವಿನಲ್ಲೇ ಇಡಿ. ಸಣ್ಣ ಗೋಲಿ, ತೆಳು ದಾರ, ಇಸ್ಪೀಟ್ ಎಲೆ, ಇವೆಲ್ಲ ಮೊದಲು. ದೊಡ್ಡ ಪೆಟ್ಟಿಗೆ ಬೀಳುವುದು, ನೀರು ಚೆಲ್ಲುವುದು ಕೊನೆಗೆ. ಮೊದಲ ಹತ್ತು ಸೆಕೆಂಡಿನಲ್ಲಿ ಕೆಟ್ಟರೆ ಮತ್ತೆ ಜೋಡಿಸುವುದು ಸುಲಭ. ಕೊನೆಯ ಹೆಜ್ಜೆಯಲ್ಲಿ ಗೋಲಿ ನಿಂತರೆ ಅಷ್ಟೂ ಮತ್ತೆ ಮೊದಲಿನಿಂದ, ಮಕ್ಕಳು ಅಳುತ್ತಾರೆ. ದೊಡ್ಡವರೂ.

ಗೋಲಿ ಓಡುವ ದಾರಿಗೆ ಅಗಲದ ಹಲಗೆ ಬೇಡ, ಎರಡು ಕಡ್ಡಿಗಳನ್ನು ಹಳಿಯ ಹಾಗೆ ಅಂಟಿಸಿ. ಅಗಲ ಇದ್ದರೆ ಗೋಲಿ ಆಕಡೆ ಈಕಡೆ ಬಡಿದುಕೊಂಡು ಹೋಗುತ್ತದೆ, ಪ್ರತಿ ಸಲ ಬೇರೆ ವೇಗದಲ್ಲಿ ಬರುತ್ತದೆ. ಹಳಿಯ ಮೇಲೆ ಹೋದರೆ ಹೆಚ್ಚುಕಮ್ಮಿ ಒಂದೇ ವೇಗ. ಮತ್ತೆ ಟೇಪನ್ನು ನಂಬಬೇಡಿ. ಸಂಜೆ ಬಿಗಿಯಾಗಿ ಕಂಡಿದ್ದು ಬೆಳಿಗ್ಗೆಗೆ ಸಡಿಲ ಆಗಿರುತ್ತದೆ, ಹಳಿ ಕೂದಲೆಳೆಯಷ್ಟು ಜಗ್ಗಿದರೂ ಸಾಕು ಕೆಡೋಕೆ. ಭಾರ ಬೀಳುವ ಜಾಗಕ್ಕೆಲ್ಲ ಮೊಳೆ ಅಥವಾ ಕ್ಲಾಂಪ್ ಹಾಕಿ.

ಚುಕ್ಕಿಗೆರೆ:

ಬೆರಳಿನ ವಿಷಯ! ಅದೇ ಇರಬೇಕು. ಎಲ್ಲರೂ ಜೋರಾಗಿ ತಳ್ಳುತ್ತಾರೆ. ನಾಳೆಯೇ ನೋಡುತ್ತೇನೆ.

ಸುಮ್ನೆಹೇಳ್ದೆ:

ಹಳಿಗೆ ಯಾವ ಕಡ್ಡಿ ಒಳ್ಳೆಯದು? ಬಿದಿರಿಂದು ಆಗುತ್ತಾ? ಸುಮ್ನೆ ಕೇಳ್ದೆ.

ರಾಟೆದಾರ:

ಆಗುತ್ತೆ. ಗಂಟು ಉಜ್ಜಿ ನಯ ಮಾಡ್ಕೊಳ್ಳಿ. ಎರಡರ ನಡುವೆ ಗೋಲಿಯ ಅರ್ಧದಷ್ಟು ಜಾಗ ಬಿಡಿ. ಮೊದಲನೇ ಸಲಕ್ಕೆ ಐದಾರು ಹೆಜ್ಜೆ ಸಾಕು, ಮುನ್ನೂರಕ್ಕೆ ಕೈ ಹಾಕಬೇಡಿ.